ಮೊದಲ ಕೋಣೆಯ ಶಾಖ

ರಾವೂರಿನಲ್ಲಿ ಬರೀ ದ್ರೌಪದಿ ಎಂದು ಕೇಳಿದರೆ ಜನ ನಾಲ್ಕು ಮನೆ ತೋರಿಸುತ್ತಾರೆ. ಮರಿ ದ್ರೌಪದಿ ಎಂದು ಕೇಳಿ ನೋಡಿ, ನೇರವಾಗಿ ಬುದ್ಧವಿಹಾರದ ಹಿಂದಿನ ಓಣಿಗೆ ಕರೆದುಕೊಂಡು ಹೋಗಿ ಬಾಗಿಲ ಮುಂದೆ ನಿಲ್ಲಿಸಿ, 'ಚಪ್ಪಲ್ ಹೊರಗ ಬಿಡ್ರಿ, ಇಲ್ಲಾಂದ್ರ ಬೈತಾಳ' ಎಂದು ಎಚ್ಚರಿಕೆಯನ್ನೂ ಕೊಟ್ಟು ಹೋಗುತ್ತಾರೆ. ಮರಿ ಎಂದರೆ ಕೋಳಿಮರಿ. ಬೈಗುಳ ಎಂದರೆ ನಿಜವಾದ ಬೈಗುಳವೇ. ಹೊರಗಿನ ಚಪ್ಪಲಿಯಿಂದ ಮರಿಗಳಿಗೆ ರೋಗ ಹತ್ತುತ್ತದೆ ಎಂದು ಅವಳು ತಹಶೀಲ್ದಾರರ ಆಫೀಸಿನಿಂದ ಬಂದವರನ್ನೂ ಬರಿಗಾಲಲ್ಲಿ ನಿಲ್ಲಿಸಿದ ಹೆಂಗಸು.

ಅವಳ ಕೆಲಸ ಹೇಳಲು ಸುಲಭ, ಮಾಡಲು ಕಷ್ಟ. ಮೊಟ್ಟೆ ಒಡೆದು ಬಂದ ಮರಿಗೆ ತಾಯಿಯ ರೆಕ್ಕೆಯ ಕಾವು ಬೇಕು. ಕಲಬುರಗಿಯಿಂದ ರಟ್ಟಿನ ಡಬ್ಬಿಯಲ್ಲಿ ಬಸ್ಸು ಹತ್ತಿ ಬರುವ ಮರಿಗೆ ತಾಯಿ ಎಲ್ಲಿಂದ ಬರಬೇಕು? ಆ ತಾಯಿಯ ಕೆಲಸ ದ್ರೌಪದಿಯದು. ಮನೆಯ ಹಿಂಬದಿಯ ಮೂರು ಕೋಣೆಗಳನ್ನು ಅದಕ್ಕಾಗಿಯೇ ಬಿಟ್ಟಿದ್ದಳು. ಮೊದಲ ವಾರದ ಮರಿಗಳಿಗೆ ಮೊದಲ ಕೋಣೆ, ಅಲ್ಲಿ ಒಳ್ಳೆ ಶಾಖ. ಎರಡನೆಯ ವಾರಕ್ಕೆ ಎರಡನೆಯ ಕೋಣೆ, ಸ್ವಲ್ಪ ಕಡಿಮೆ. ಮೂರನೆಯದರಲ್ಲಿ ಇನ್ನೂ ಕಡಿಮೆ. ಕೂಸಿಗೆ ಮೆಲ್ಲಗೆ ಹಾಲು ಬಿಡಿಸಿದ ಹಾಗೆ ಮರಿಗೆ ಶಾಖ ಬಿಡಿಸುವುದು. ಆಮೇಲೆ ಗುಂಡಗುರ್ತಿಯಿಂದ, ಚಿತ್ತಾಪುರದಿಂದ, ಅತ್ತ ಚಿಂಚೋಳಿ ಬದಿಯ ಚಂದಾಪುರದಿಂದಲೂ ಹೆಣ್ಣುಮಕ್ಕಳು ಬಂದು, ಬುಟ್ಟಿಯಲ್ಲಿ ಮರಿ ತುಂಬಿಕೊಂಡು ಹೋಗಿ ತಮ್ಮ ಅಂಗಳದಲ್ಲಿ ಬಿಡುತ್ತಿದ್ದರು.

ಪ್ರತಿ ಕೋಣೆಯ ಹಿಂದಿನ ಗೋಡೆಗೂ ಒಂದೊಂದು ಡಬ್ಬಿ. ಅಂಗಡಿಯವರು ಅದನ್ನು ಥರ್ಮೋಸ್ಟಾಟ್ ಅನ್ನುತ್ತಾರೆ, ಮನೆಯಲ್ಲಿ ಎಲ್ಲರೂ ಡಬ್ಬಿ ಅನ್ನುತ್ತಾರೆ. ಅದರ ಹೊಟ್ಟೆಯಿಂದ ಬಂದ ಗಿಡ್ಡ ವಾಯರಿನ ತುದಿಯಲ್ಲಿ ಕಡಲೆಕಾಳಿನಷ್ಟು ಒಂದು ಗುಂಡು; ಶಾಖ ನೋಡುವುದು ಆ ಗುಂಡೇ. ಥಂಡಿಯಾದರೆ ಡಬ್ಬಿ ತಾನೇ ಹೀಟರ್ ಬಲ್ಬು ಹೊತ್ತಿಸುತ್ತದೆ, ಸಾಕಷ್ಟು ಬಿಸಿಯಾದರೆ ತಾನೇ ಆರಿಸುತ್ತದೆ. ಮೂರು ಕೋಣೆ, ಮೂರು ಶಾಖ, ನೋಡುವ ಕಣ್ಣು ಮಾತ್ರ ಎರಡು. ಹಾಗಾಗಿ ಡಬ್ಬಿ ಇಲ್ಲದೆ ದ್ರೌಪದಿಯ ಬಾಳು ನಡೆಯುವಂತಿರಲಿಲ್ಲ.

ಇದಕ್ಕೆ ಮೊದಲು ಅವಳು ಫರಸಿ ಪಾಲಿಶ್ ಮಾಡುವ ಮಷಿನಿಗೆ ಹೋಗುತ್ತಿದ್ದಳು. ನಮ್ಮ ಕಡೆ ನೆಲದಡಿ ಅಗೆದರೂ ಫರಸಿ, ಮನೆ ಕಟ್ಟಿದರೂ ಫರಸಿ, ತಿಪ್ಪೆಗೆ ಬೇಲಿ ಹಾಕಿದರೂ ಫರಸಿ. ಆ ಕಲ್ಲಿನ ಬಿಳಿ ಧೂಳು ಎದೆಯೊಳಗೆ ಇಳಿದು ದ್ರೌಪದಿಗೆ ಕೆಮ್ಮು ಹತ್ತಿತು. ಡಾಕ್ಟರು ಮಷಿನು ಬಿಡಿ ಎಂದರು. ಮನೆಯವರೆಲ್ಲ ಆರಾಮ ಮಾಡು ಎಂದರು. ಆರಾಮ ಮಾಡಿ ಮಾಡಿ ಅವಳಿಗೆ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಸೇಡಮಿನಲ್ಲಿ ಕೋಳಿ ಸಾಕಣೆಯ ತರಬೇತಿ ನಡೆಯಿತು. ಹೋದಳು, ಕಲಿತಳು, ಬಂದವಳೇ ಕೋಣೆಗಳನ್ನು ಖಾಲಿ ಮಾಡಿಸಿದಳು. ಮರಿಗಳ ಚಿಂವ್ ಚಿಂವ್ ಕೇಳಿ ಏಳುವುದೆಂದರೆ ಅವಳಿಗೆ ಈಗ ಹೊಟ್ಟೆ ತುಂಬಿದಷ್ಟು ಖುಷಿ.

ಅವುಗಳಲ್ಲಿ ಮೊದಲ ಕೋಣೆ ಮಾತ್ರ ಅಷ್ಟು ಸುಲಭಕ್ಕೆ ಖಾಲಿಯಾಗುವಂಥದಾಗಿರಲಿಲ್ಲ. ಅದು ಅತ್ತೆ ಮಾಣಿಕಮ್ಮನ ಅಡುಗೆಮನೆ. ಮದುವೆಯಾಗಿ ಬಂದ ದಿನದಿಂದ ಅಲ್ಲಿಯ ಹಿಂದಿನ ಗೋಡೆಗೆ ಒಲೆ ಹೂಡಿ ರೊಟ್ಟಿ ಬಡಿದವಳು ಮಾಣಿಕಮ್ಮ. ಕಣ್ಣಿನ ಪೊರೆ ತೆಗೆಸಿದಾಗ ಡಾಕ್ಟರು ಒಂದು ತಿಂಗಳು ಹೊಗೆಯ ಬಳಿ ಹೋಗಬೇಡಿ ಎಂದರು. ಸೊಸೆ ಆ ಒಂದು ತಿಂಗಳನ್ನು ಜನ್ಮಕ್ಕೆ ಎಳೆದಳು. ಮುಂದಿನ ಪಡಸಾಲೆಯಲ್ಲಿ ಗ್ಯಾಸ್ ಇಡಿಸಿ, ಹಳೆಯ ಒಲೆ ಕಿತ್ತು ಹಾಕಿಸಿ, 'ಭಾಳ ದುಡದೀರಿ ಅತ್ತಿ, ಇನ್ನ ಸುಮ್ಮ ಕುಂದ್ರಿ' ಎಂದಳು. ಪ್ರೀತಿಯಿಂದಲೇ ಅಂದದ್ದು. ಕೋಣೆಯೂ ಬೇಕಿತ್ತೆನ್ನಿ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಓಣಿ ನಕ್ಕಿತು. ಮಾಣಿಕಮ್ಮ ದಿನವೂ ನಸುಕಿನಲ್ಲಿ ಕರಿ ಕನ್ನಡಕ ಏರಿಸಿಕೊಂಡು, ಹಿಂದಿನ ಓಣಿಯ ತಬಸ್ಸುಮ್ ಮನೆಗೆ ಚಾ ಕುಡಿಯಲೆಂದು ಹೋಗುವ ಹೊಸ ರೂಢಿ ಮಾಡಿಕೊಂಡಳು.

ದೀಪಾವಳಿ ಕಳೆದು ಚಳಿ ಬಿತ್ತು. ನಮ್ಮ ಬಿಸಿಲುನಾಡಿಗೆ ಎಂಥ ಚಳಿ ಎಂದು ಹೊರಗಿನವರು ನಗುತ್ತಾರೆ. ಬಂದು ಒಂದು ನಸುಕಿನಲ್ಲಿ ಫರಸಿ ನೆಲದ ಮೇಲೆ ಬರಿಗಾಲಿಡಲಿ, ಆಮೇಲೆ ನಗಲಿ! ದ್ರೌಪದಿ ಕೋಣೆಗಳ ಒಳಗೋಡೆಗೆಲ್ಲ ಸುತ್ತ ಗೋಣಿಚೀಲ ಹೊಲಿದು ಇಳಿಬಿಟ್ಟಳು. ಡಬ್ಬಿ ಇರುವಲ್ಲಿ ಮಾತ್ರ ಕಿಟಕಿಯಷ್ಟು ಕತ್ತರಿಸಿ ಬಿಟ್ಟಳು. ಆಗಲೇ ಮೊದಲ ಕೋಣೆಯ ಡಬ್ಬಿಗೆ ಏನೋ ಬಡಿಯಿತು.

ಬೆಳಗ್ಗೆ ಹೋಗಿ ನೋಡಿದರೆ ಬಲ್ಬು ಆರಿದೆ. ಮರಿಗಳು ಮೂಲೆಯಲ್ಲಿ ಒಂದರ ಮೇಲೊಂದು ಏರಿ ಗುಡ್ಡೆಯಾಗಿವೆ. ಡಬ್ಬಿಯ ಮೇಲಿನ ಅಂಕಿ ನೋಡಿದರೆ ಮೂವತ್ತೆಂಟು! ತಾನು ಶಾಲು ಹೊದ್ದು ನಿಲ್ಲಬೇಕಾದ ಕೋಣೆಯಲ್ಲಿ ಡಬ್ಬಿ ಬೇಸಿಗೆ ಎನ್ನುತ್ತಿದೆ. ಹೊತ್ತು ಏರಿದ ಮೇಲೆ ಅಂಕಿ ತಾನಾಗಿ ಇಳಿದು, ಬಲ್ಬು ಹೊತ್ತಿ, ಎಲ್ಲ ಸರಿಹೋಗುತ್ತಿತ್ತು. ಅಷ್ಟರೊಳಗೆ ಗುಡ್ಡೆಯ ಅಡಿಯ ಮರಿಗಳು ಸತ್ತಿರುತ್ತಿದ್ದವು. ಆ ತಂಡದಲ್ಲಿ ಅರ್ಧ ಉಳಿಯಲಿಲ್ಲ. ದ್ರೌಪದಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ವಾಡಿಯಿಂದ ಮಶಾಕನನ್ನು ಕರೆಸಿದರು. ಮೋಟಾರು, ಮಿಕ್ಸರು, ಮಸೀದಿಯ ಮೈಕು, ಕೆಟ್ಟದ್ದೇನಿದ್ದರೂ ರಿಪೇರಿಗೆ ಅವನೇ. ಅವನು ಬೈಕಿನಲ್ಲಿ ಬರುವ ಹೊತ್ತಿಗೆ ಬಿಸಿಲೇರಿತ್ತು, ಡಬ್ಬಿ ಸಾಧುವಿನ ಹಾಗೆ ಕುಳಿತಿತ್ತು.

"ಅಕ್ಕಾರ, ಡಬ್ಬಿ ಎಕದಮ್ ಚಲೋ ಅದರಿ," ಎಂದ ಮಶಾಕ.

"ಮುಂಜಾನಿ ಸುಳ್ಳ ಹೇಳ್ತದ ಮಶಾಕಣ್ಣ."

"ಮುಂಜಾನಿ ಸುಳ್ಳ, ಮಧ್ಯಾಹ್ನ ಖರೆ. ಇದು ಡಬ್ಬಿ ಏನು ನಮ್ಮ ಸಾಲಿ ಹುಡುಗ ಏನ್ರಿ?"

ನಕ್ಕರೂ ಅವನು ಹೊಸ ಡಬ್ಬಿ ಹಾಕಿದ. ಅದೂ ಸುಳ್ಳು ಹೇಳಿತು. ವಾಯರು ಬದಲಿಸಿದ, ಅರ್ಥಿಂಗ್ ನೋಡಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಹೀಟರನ್ನೂ ಬಿಚ್ಚಿ ಜೋಡಿಸಿದ. ಡಬ್ಬಿಯನ್ನೇ ಬಿಟ್ಟು ಬಲ್ಬಿಗೆ ನೇರ ಕರೆಂಟು ಕೊಟ್ಟು ನೋಡಿದರು. ದ್ರೌಪದಿ ನೀರು ತರಲು ಹೋಗಿ ನಾಲ್ಕು ಮಾತಾಡಿ ಬರುವಷ್ಟರಲ್ಲಿ ಕೋಣೆ ಕಾದು, ಮರಿಗಳು ಕೊಕ್ಕು ತೆರೆದು ಏದುತ್ತ ಬಾಗಿಲಿಗೆ ಒತ್ತಿಕೊಂಡಿದ್ದವು. ಅದೂ ಆಗದ ಮಾತಾಯಿತು.

ಗಂಡ ಜಗದೇವಪ್ಪ ಕ್ವಾರಿಯಲ್ಲಿ ಟಿಪ್ಪರ್ ಓಡಿಸುವವನು, ಚೇಷ್ಟೆಯ ಮನುಷ್ಯ. "ಕುಣಿಲಾರದಾಕಿ ನೆಲ ಡೊಂಕು ಅಂದಂಗ ಆತು ನಿನ್ನ ಡಬ್ಬಿ ಕಥಿ," ಎಂದು ಮೊದಮೊದಲು ಕಾಡಿಸಿದ. ಹೆಂಡತಿಯ ಮುಖ ನೋಡಿ ಮೆತ್ತಗಾದ. ಆದರೆ ಒಂದು ಮಾತು ಅವನ ನಾಲಿಗೆಯ ತುದಿಯಲ್ಲಿ ಇತ್ತು, ಒಂದು ರಾತ್ರಿ ಊಟದ ಹೊತ್ತಿಗೆ ಹೇಳಿಯೇಬಿಟ್ಟ. ಸಿಮೆಂಟ್ ಕಾರ್ಖಾನೆಗೆ ಆಳು ತರುವ ಒಬ್ಬ ಗುತ್ತಿಗೆದಾರ ಈ ಮೂರು ಕೋಣೆಗಳನ್ನು ಬಾಡಿಗೆಗೆ ಕೇಳುತ್ತಿದ್ದ. ಎಳ್ಳಮಾಸಿ ಹಬ್ಬ ಮುಗಿದ ಮೇಲೆ ಉತ್ತರ ಬೇಕಂತೆ.

ದ್ರೌಪದಿ ಎತ್ತಿದ ತುತ್ತನ್ನು ಕೆಳಗಿಟ್ಟಳು. "ಇನ್ನೊಂದು ತಂಡ ತರಸ್ತೀನಿ. ಗುಂಡಗುರ್ತಿ ಹೆಣ್ಣಮಕ್ಕಳ ಸಂಘದವರಿಗಿ ಮರಿ ಕೊಡ್ತೀನಂತ ಮಾತ ಕೊಟ್ಟೀನಿ. ಈ ಸಲನೂ ಮರಿ ಉಳೀಲಿಲ್ಲ ಅಂದ್ರ ಕೋಣಿ ಕೊಟ್ಟಬಿಡ್ರಿ. ನಾ ಮಷಿನಿಗಿ ಹೋಗ್ತೀನಿ."

"ಕೆಮ್ಮು?" ಎಂದ ಜಗದೇವಪ್ಪ.

"ಕೆಮ್ಕೋತ ಹೋಗ್ತೀನಿ."

ಮೂಲೆಯಲ್ಲಿ ಉಣ್ಣುತ್ತಿದ್ದ ಮಾಣಿಕಮ್ಮ, "ಡಬ್ಬಿ ನಂಬಿ ಬಾಳೇ ಮಾಡಿದ್ರ ಹಿಂಗೇ ಆಗ್ತದ," ಎಂದು ಗ್ಯಾಸಿನ ರೊಟ್ಟಿಯನ್ನು ದೂರ ಹಿಡಿದು, ತಿರುಗಿಸಿ ನೋಡಿ, ನಿಟ್ಟುಸಿರು ಬಿಟ್ಟು ಮುರಿದಳು.

ಹೊಸ ತಂಡ ಬಂತು. ಹಳದಿ ಹತ್ತಿಯ ಉಂಡೆಗಳಂಥ ಮರಿಗಳು, ಶೇಂಗಾ ಸಿಪ್ಪೆಯ ಹಾಸಿಗೆಯ ಮೇಲೆ ಓಡಾಡಿದವು. ಬೆಳಗಾದರೆ ಅದೇ ರಾಮಾಯಣ. ಈ ಸಲ ದ್ರೌಪದಿ ನಸುಕಿನಿಂದಲೇ ಕಾದು ಕುಳಿತು, ಡಬ್ಬಿ ಸುಳ್ಳು ಶುರು ಮಾಡಿದ ಕೂಡಲೇ ಬಿಸಿನೀರು ತುಂಬಿದ ಬಾಟಲಿಗಳನ್ನು ಮರಿಗಳ ನಡುವೆ ಇಟ್ಟಳು. ಉಳಿದವು. ಆದರೆ ಎಷ್ಟು ದಿನ? ಉಳಿದೆರಡು ಕೋಣೆಗಳಲ್ಲೂ ಮರಿ ತುಂಬಿದರೆ ಇವಳು ಬಾಟಲಿ ಹಿಡಿದು ಎಲ್ಲೆಲ್ಲಿ ಓಡಬೇಕು?

ಮಶಾಕ ಬಂದಾಗ ಅವಳೇ ಹೇಳಿದಳು, "ಮೊದಲ್ನೇ ಕೋಣಿ ಡಬ್ಬಿ ಎರಡನೇದಕ್ಕ ಹಾಕು. ಎರಡನೇದು ಇಲ್ಲಿ ಹಾಕು."

ಮನೆಯಲ್ಲಿ ಇಬ್ಬರು ಮಕ್ಕಳು ಜಗಳವಾಡಿದರೆ ತಾಯಂದಿರು ಜಾಗ ಬದಲಿಸಿ ಕೂರಿಸುವುದಿಲ್ಲವೆ, ಅಷ್ಟೇ ಉಪಾಯ. ಮರುದಿನ ನೋಡಿದರೆ ಸುಳ್ಳ ಡಬ್ಬಿ ಎರಡನೆಯ ಕೋಣೆಯಲ್ಲಿ ಸತ್ಯವಂತ. ಎರಡನೆಯ ಕೋಣೆಯಲ್ಲಿ ತಿಂಗಳುಗಟ್ಟಲೆ ಸತ್ಯ ಹೇಳಿದ ಡಬ್ಬಿ ಇಲ್ಲಿಗೆ ಬಂದು ಒಂದೇ ರಾತ್ರಿಗೆ ಕೆಟ್ಟುಹೋಗಿತ್ತು. ದ್ರೌಪದಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಡಬ್ಬಿಯ ತಪ್ಪಲ್ಲ. ಅಯ್ಯೋ, ಪಾಪದ ಡಬ್ಬಿಯನ್ನು ಎಷ್ಟು ಬೈದೆ! ತಪ್ಪು ಈ ಕೋಣೆಯದು.

ತರಬೇತಿಯಲ್ಲಿ ಕೊಟ್ಟಿದ್ದ ಗಾಜಿನ ಥರ್ಮಾಮೀಟರನ್ನು ದಾರ ಕಟ್ಟಿ ಕೋಣೆಯ ನಡುವೆ ಇಳಿಬಿಟ್ಟಳು. ಇಪ್ಪತ್ತು. ಗೋಡೆಯ ಡಬ್ಬಿ ನೋಡಿದರೆ ಮೂವತ್ತೊಂಬತ್ತು. ನಡುವೆ ಇರುವುದು ಎರಡು ಮಾರು ದೂರ. ಅವಳು ಗೋಣಿಚೀಲದ ಹೊಲಿಗೆ ಸರಕ್ಕನೆ ಕಿತ್ತು, ಗೋಡೆಗೆ ಅಂಗೈ ಇಟ್ಟಳು.

"ಅಯ್ಯಯ್ಯೋ!" ಎಂದು ಕೈ ಜಾಡಿಸಿದಳು. ಫರಸಿ ಹಂಚಿನಷ್ಟು ಕಾದಿತ್ತು.

ಎರಡು ಬೆರಳು ದಪ್ಪದ ಒಂದೇ ಕಲ್ಲಿನ ಗೋಡೆ ಅದು. ಕಿವಿಗೊಟ್ಟಳು. ಆಚೆಯಿಂದ ತಟ್ ತಟ್ ತಟ್ ಎಂದು ಬಡಿತ, ನಡುವೆ ಚೂರು ತಡೆದು ತಿರುವುವ ಸಪ್ಪಳ, ಮತ್ತೆ ತಟ್ ತಟ್. ರೊಟ್ಟಿ ಬಡಿಯುವುದು ಓಣಿಯ ಎಲ್ಲ ಹೆಂಗಸರಿಗೂ ಬರುತ್ತದೆ, ಆದರೆ ಒಬ್ಬೊಬ್ಬರ ಬಡಿತ ಒಂದೊಂದು ಥರ. ಈ ಬಡಿತವನ್ನು ದ್ರೌಪದಿ ಈ ಮನೆಗೆ ಬಂದ ದಿನದಿಂದ ಕೇಳಿದ್ದಾಳೆ. ಚಪ್ಪಲಿ ಮೆಟ್ಟಲೂ ಮರೆತು ಓಣಿ ಸುತ್ತಿ ಓಡಿದಳು.

ತಬಸ್ಸುಮ್ಮಳ ಹಿತ್ತಲಲ್ಲಿ, ತಗಡಿನ ಮಾಡಿನ ಕೆಳಗೆ, ದ್ರೌಪದಿಯ ಮೊದಲ ಕೋಣೆಯ ಗೋಡೆಗೇ ಒತ್ತಿ ಹೂಡಿದ ಮಣ್ಣಿನ ಒಲೆ. ತೊಗರಿ ಕಟ್ಟಿಗೆ ಧಗಧಗ ಉರಿಯುತ್ತಿದೆ. ಮುಂದೆ ಕರಿ ಕನ್ನಡಕ ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಿನಿಮಾದ ಖಳನಾಯಕನಂತೆ ಮಾಣಿಕಮ್ಮ! ಪಕ್ಕದ ಬುಟ್ಟಿಯಲ್ಲಿ ಚಂದ್ರನಂಥ ರೊಟ್ಟಿಗಳ ಅಟ್ಟಿ. ತಬಸ್ಸುಮ್ ಕಟ್ಟಿಗೆ ಮುರಿದು ಕೊಡುತ್ತಿದ್ದಳು. ದ್ರೌಪದಿಯನ್ನು ಕಂಡು ಅವಳ ಕೈಯ ಕಟ್ಟಿಗೆ ಕೈಯಲ್ಲೇ ಉಳಿಯಿತು.

"ಅಕ್ಕಾ, ನಂದೇನೂ ತಪ್ಪಿಲ್ಲ," ಎಂದಳು ತಬಸ್ಸುಮ್ ಕೇಳುವ ಮೊದಲೇ. "ಅಂಗಳದ ನಡುವ ಹೂಡ್ರಿ ಅಂದೆ. ಆ ಗೋಡಿ ಬಿಟ್ರ ನಂಗ ರೊಟ್ಟಿ ಬರಂಗಿಲ್ಲ ಅಂದ್ರು ಆಯಿ."

ನೋಡಿ, ಎಂಥ ಮಾತು! ಜೀವಮಾನವಿಡೀ ಒಂದು ಗೋಡೆಯ ಈಚೆ ಒಲೆ ಹೂಡಿದವಳನ್ನು ಎಬ್ಬಿಸಿದರೆ, ಅವಳು ಆಚೆ ಹೋಗಿ ಅದೇ ಗೋಡೆಯನ್ನೇ ಹುಡುಕಿ ಕುಳಿತಿದ್ದಳು.

"ನನ್ನ ಮರಿ ಕೊಂದ್ರಲ್ಲ ಅತ್ತಿ!" ಎಂದು ದ್ರೌಪದಿ ಕೂಗಿದಳು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು.

ಮಾಣಿಕಮ್ಮ ಕನ್ನಡಕ ತೆಗೆದಳು. "ನಾ ಎದಕ್ಕ ಕೊಲ್ಲಲಿ? ಗೋಡಿ ಬಿಸಿ ಆದ್ರ ಮರಿಗಿ ಬೆಚ್ಚಗ ಆಗಬೇಕಲ್ಲ?"

"ಡಬ್ಬಿ ಗೋಡಿಗಿ ಕುಂತದ ಅತ್ತಿ. ಗೋಡಿ ಕಾದ್ರ ಕೋಣಿನೇ ಕಾದದ ಅಂತ ತಿಳೀತದ, ಬಲ್ಬ್ ಆರಸ್ತದ. ಮರಿ ಇರೋದು ನಡುವ. ಗೋಡಿ ಬಿಸಿ ಗೋಣಿಚೀಲ ದಾಟಿ ಅಲ್ಲಿ ತನಕ ಬರಂಗಿಲ್ಲ, ಥಂಡಿ ಹಂಗೇ ಇರ್ತದ. ನೀವು ಒಲಿ ಆರಿಸಿ ಬಂದ್ರೂ ಕಲ್ಲ ಆರಂಗಿಲ್ಲ."

ಮುದುಕಿಗೆ ಅರ್ಥವಾಯಿತು. ಮುಖದ ಬಣ್ಣವೇ ಇಳಿಯಿತು. ಬಾಯಿ ಜೋರಿನ ಆ ಹೆಂಗಸು ತಲೆ ತಗ್ಗಿಸಿ ಹಂಚು ಇಳಿಸಿ, ಒಲೆಗೆ ತಂಬಿಗೆ ನೀರು ಸುರಿದು, ಸೆರಗು ಬಿಚ್ಚಿ ಹೊದ್ದುಕೊಂಡು ಮನೆಗೆ ನಡೆದಳು. ಬುಟ್ಟಿಯ ರೊಟ್ಟಿ ಯಾರಿಗೆ ಎಂದು ದ್ರೌಪದಿ ಕೇಳಿದಾಗ ತಬಸ್ಸುಮ್ ಹೇಳಿದಳು: ಓಣಿಯ ಎರಡು ಮನೆಗೆ, ಉಳಿದದ್ದು ಈ ದಾರಿಯಲ್ಲಿ ಕ್ವಾರಿಗೆ ಹೋಗುವ ಆಳುಗಳಿಗೆ. "ಉಂಡವರು ರೊಟ್ಟಿ ಅಂದ್ರ ಇದು ಅಂತಾರ. ಅದೊಂದು ಮಾತ ಕೇಳಿದ್ರ ಆಯಿಗೆ ದಿನ ಪೂರಾ ಖುಷಿ."

ಡಬ್ಬಿಯ ರೋಗಕ್ಕೆ ಮದ್ದು ಸಿಕ್ಕಿತು. ಮಶಾಕ ಉದ್ದ ವಾಯರು ಹಾಕಿ, ಗುಂಡನ್ನು ಗೋಡೆಯಿಂದ ಬಿಡಿಸಿ, ಮಾಡಿನಿಂದ ಇಳಿಬಿಟ್ಟು ಕೋಣೆಯ ನಡುವೆ ಮರಿಯ ಬೆನ್ನಿನ ಎತ್ತರಕ್ಕೆ ತೂಗಿದ. ಮರುದಿನ ಬೆಳಗ್ಗೆ ಬಲ್ಬು ಉರಿಯುತ್ತಿತ್ತು, ಮರಿಗಳು ಕೋಣೆ ತುಂಬ ಹರಡಿಕೊಂಡು ಕಾಳು ಹೆಕ್ಕುತ್ತಿದ್ದವು. "ಇಷ್ಟ ದಿನ ನಾ ಡಾಕ್ಟರಂಗ ಗುಳಿಗಿ ಬದಲಿ ಮಾಡಿದೆ, ರೋಗಿನ ಮುಟ್ಟಿ ನೋಡಲಿಲ್ಲ," ಎಂದು ತನ್ನನ್ನೇ ಬೈದುಕೊಂಡು, ಎರಡು ಕಪ್ ಚಾ ಕುಡಿದು ಹೋದ.

ಮದ್ದು ಸಿಕ್ಕರೂ ಮನೆ ಸರಿಹೋಗಲಿಲ್ಲ. ಮಾಣಿಕಮ್ಮ ತಬಸ್ಸುಮ್ಮಳ ಮನೆಗೆ ಹೋಗುವುದು ಬಿಟ್ಟಳು. ಬೆಳಗ್ಗೆ ಎದ್ದು ಕಂಬಕ್ಕೆ ಒರಗಿ ಕುಳಿತರೆ ಕುಳಿತೇ ಇರುವಳು. ಕೈ ಮಾತ್ರ ತೊಡೆಯ ಮೇಲೆ ತಾನಾಗಿ ತಟ್ ತಟ್ ಎನ್ನುತ್ತಿತ್ತು. ಗೊತ್ತಾದೊಡನೆ ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು. ಹಸಿವಿಲ್ಲ ಎನ್ನುತ್ತಿದ್ದಳು. ಜಗದೇವಪ್ಪ ತಾಯಿಯ ಮುಖ, ಹೆಂಡತಿಯ ಮುಖ ನೋಡಿ, ತಟ್ಟೆಯತ್ತ ಬಗ್ಗಿ ಉಂಡೇಳುತ್ತಿದ್ದ.

ದ್ರೌಪದಿಯ ಸಿಟ್ಟು ಎರಡು ದಿನಕ್ಕೇ ಆರಿ, ಅದರ ಜಾಗದಲ್ಲಿ ಬೇರೇನೋ ಬಂದು ಕುಳಿತಿತ್ತು. ಸುಮ್ಮನೆ ಕುಂದ್ರು ಎಂಬ ಮಾತು ಎಂಥದೆಂದು ಅವಳಿಗೆ ಗೊತ್ತಿಲ್ಲವೆ? ಮಷಿನು ಬಿಟ್ಟಾಗ ತನಗೂ ಎಲ್ಲರೂ ಅದನ್ನೇ ಅಂದಿದ್ದರು. ಪ್ರೀತಿಯಿಂದಲೇ ಅಂದಿದ್ದರು. ಆ ಪ್ರೀತಿಗೆ ಅವಳು ಒಳಗೊಳಗೇ ಶಾಪ ಹಾಕಿದ್ದಳು. ಈಗ ತಾನೇ ಆ ಮಾತನ್ನು ಇನ್ನೊಬ್ಬರ ಕೊರಳಿಗೆ ಕಟ್ಟಿದ್ದಳು. ಹೇಳಬೇಕು ಅನ್ನಿಸುತ್ತಿತ್ತು. ಆದರೆ ಸೊಸೆಯ ನಾಲಿಗೆ ಅತ್ತೆಯ ಮುಂದೆ ಜಗಳಕ್ಕೆ ಹೊರಳಿದಷ್ಟು ಸಲೀಸಾಗಿ ತಪ್ಪೊಪ್ಪಲು ಹೊರಳುವುದಿಲ್ಲ.

ಎಳ್ಳಮಾಸಿಯ ಹಿಂದಿನ ದಿನ. ಓಣಿಯ ತುಂಬ ಸಜ್ಜೆ ಹಿಟ್ಟಿನ, ಎಳ್ಳಿನ ವಾಸನೆ. ಮರುದಿನ ಹೊಲಕ್ಕೆ ಹೋಗುವವರ ಮನೆಗಳಲ್ಲಿ ಕಾಳು ತರಕಾರಿಯ ಭಜ್ಜಿ, ರೊಟ್ಟಿಯ ಗಡಿಬಿಡಿ. ಮಧ್ಯಾಹ್ನ ದಾಟಿದ ಮೇಲೆ ಢಂ ಎಂದು ಊರಾಚೆಯ ಟ್ರಾನ್ಸ್‌ಫಾರ್ಮರ್ ಸಿಡಿಯಿತು. ಮೂರು ಕೋಣೆಯ ಬಲ್ಬುಗಳೂ ಒಮ್ಮೆಗೇ ಆರಿದವು. ಲೈನಿನವರಿಗೆ ಫೋನು ಮಾಡಿದರೆ, ಇವತ್ತು ಆಗಬಹುದು, ನಾಳೆಯೂ ಆಗಬಹುದು ಎಂದರು. ಗಾಳಿ ಬೇರೆ ಬಡಗಣದಿಂದ ಬೀಸುತ್ತಿತ್ತು.

ದ್ರೌಪದಿ ಎಲ್ಲ ಮರಿಗಳನ್ನೂ ಮೊದಲ ಕೋಣೆಗೆ ತಂದು ಬಿಟ್ಟಳು. ಗ್ಯಾಸಿನ ಮೇಲೆ ನೀರು ಕಾಯಿಸಿ ಬಾಟಲಿ ತುಂಬಿದಳು. ಒಂದು ಸುತ್ತು ತುಂಬುವಷ್ಟರಲ್ಲಿ ಮೊದಲಿನವು ಆರುತ್ತಿದ್ದವು. ದಾರದಲ್ಲಿ ತೂಗುತ್ತಿದ್ದ ಗಾಜಿನೊಳಗೆ ಪಾದರಸ ಇಳಿಯಿತು, ಮತ್ತೂ ಇಳಿಯಿತು. ಹೊತ್ತು ಮುಳುಗಿದರೆ ಮುಗಿಯಿತು. ಮರಿಗಳು ಆಗಲೇ ಮೂಲೆ ಸೇರಿ ಒಂದರ ಮೇಲೊಂದು ಏರತೊಡಗಿದ್ದವು. ಈ ತಂಡ ಹೋದರೆ ಕೋಣೆ ಹೋಯಿತು, ಕೋಣೆ ಹೋದರೆ ಮತ್ತೆ ಆ ಬಿಳಿ ಧೂಳು.

ಪಡಸಾಲೆಗೆ ಬಂದಳು. ಮಾಣಿಕಮ್ಮ ಕಂಬಕ್ಕೆ ಒರಗಿ ಕುಳಿತಿದ್ದಳು. ದ್ರೌಪದಿ ಅವಳ ಎದುರು ಕುಕ್ಕರಗಾಲಲ್ಲಿ ಕುಳಿತು, ಕೈ ಹಿಡಿದುಕೊಂಡಳು.

"ಅತ್ತಿ, ಒಲಿ ಹಚ್ರಿ."

ಮುದುಕಿ ನಂಬದೆ ನೋಡಿದಳು. "ಯಾವ ಒಲಿ?"

"ಗೋಡಿ ಆಚೀಂದು. ನಿಮ್ಮ ಒಲಿ ಬಿಟ್ರ ಈಗ ಈ ಮರಿಗಿ ಯಾರೂ ಇಲ್ಲ. ನಾ ಅವತ್ತು ಬಾಯಿಗಿ ಬಂದಂಗ ಅಂದೆ, ಮನಸಿಗಿ ಹಚ್ಕೋಬ್ಯಾಡ್ರಿ. ಒಲಿ ಕಿತ್ತಿದ್ದೂ ನಂದೇ ತಪ್ಪು. ನಿಮ್ಮನ್ನ ಒಂದು ಮಾತ ಕೇಳಬೇಕಾಗಿತ್ತು."

ಮಾಣಿಕಮ್ಮ ಕನ್ನಡಕ ಹುಡುಕಿದಳು. ಅದು ತಲೆಯ ಮೇಲೇ ಇತ್ತು. "ಏ ತಬಸ್ಸುಮ್, ಕಟಗಿ ತಾರಽ!" ಎಂದು ಮನೆಯ ಬಾಗಿಲಿನಿಂದಲೇ ಕೂಗುತ್ತ ಓಣಿ ತಿರುಗಿದ ಮುದುಕಿಯ ಹಿಂದೆ ದ್ರೌಪದಿ ಹಿಟ್ಟಿನ ಡಬ್ಬ ಹೊತ್ತು ಓಡಿದಳು.

ಒಲೆ ಹತ್ತಿತು. ದ್ರೌಪದಿ ಈಚೆ ಬಂದು ಗೋಣಿಚೀಲ ಪೂರಾ ಕಿತ್ತೆಸೆದು, ಮರಿಗಳನ್ನು ಮೊರದಿಂದ ಗೋಡೆಯತ್ತ ಸರಿಸಿದಳು. ಮೊದಲು ಕಲ್ಲು ತಣ್ಣಗೇ ಇತ್ತು. ಆಚೆ ತಟ್ ತಟ್ ಶುರುವಾಯಿತು. ಹತ್ತು ರೊಟ್ಟಿಯಾಗುವಷ್ಟರಲ್ಲಿ ಕಲ್ಲು ಉಗುರು ಬೆಚ್ಚಗಾಯಿತು. ಬುಟ್ಟಿ ಅರ್ಧ ತುಂಬುವಷ್ಟರಲ್ಲಿ ಮೂಲೆಯ ಗುಡ್ಡೆ ಕರಗಿ, ಮರಿಗಳು ಒಂದೊಂದಾಗಿ ಇಳಿದು ಬಂದು ಗೋಡೆಯುದ್ದಕ್ಕೂ ಸಾಲು ಹಿಡಿದು ಕುಳಿತವು. ದ್ರೌಪದಿಗೆ ಅಳುವೂ ಬಂತು, ನಗುವೂ ಬಂತು.

"ಹ್ಯಾಂಗವ ಮರಿ?" ಎಂದು ಆಚೆಯಿಂದ ಕೂಗು.

"ಕುಂತಾವ ಅತ್ತಿ! ಉರಿ ಇಷ್ಟೇ ಇರ್ಲಿ!"

"ಉರಿ ನಂಗ ಹೇಳಿಕೊಡ್ತೀ ಏನ? ಸುಮ್ಮ ಮರಿ ನೋಡು."

ಹಿಟ್ಟು ಮುಗಿಯಬಾರದಲ್ಲ, ಸುದ್ದಿ ಓಣಿಗೆ ಹೋಯಿತು. ಹೇಗೂ ಎಳ್ಳಮಾಸಿಗೆ ಎಲ್ಲರಿಗೂ ರೊಟ್ಟಿ ಬೇಕು. ಹೆಂಗಸರು ಸಜ್ಜೆ ಹಿಟ್ಟು, ಜೋಳದ ಹಿಟ್ಟು ಹೊತ್ತು ತಬಸ್ಸುಮ್ಮಳ ಹಿತ್ತಲಿಗೆ ಬಂದರು. ಹಿಟ್ಟು ನಾದುವವರು ನಾದಿದರು, ಎಳ್ಳು ಹಚ್ಚುವವರು ಹಚ್ಚಿದರು. ಬಡಿಯುವ ಕೈ ಮಾತ್ರ ಮಾಣಿಕಮ್ಮನದು, ಯಾರಿಗೂ ಬಿಟ್ಟುಕೊಡಲಿಲ್ಲ. ಟಿಪ್ಪರ್ ನಿಲ್ಲಿಸಿ ಬಂದ ಜಗದೇವಪ್ಪ ಹಿತ್ತಲಿಗೆ ಇಣುಕಿ, ಬಿಸಿ ರೊಟ್ಟಿಗೆ ಎಣ್ಣೆ, ಖಾರಪುಡಿ ಹಚ್ಚಿಕೊಂಡು ನಿಂತಲ್ಲೇ ತಿಂದ. ಕಿಸೆಯಲ್ಲಿ ಗುತ್ತಿಗೆದಾರನ ಫೋನು ಬಡಿದುಕೊಂಡಿತು. ಎಣ್ಣೆಗೈಯಲ್ಲೇ ಎತ್ತಿ, "ಇಲ್ರಿ, ಕೋಣಿ ಖಾಲಿ ಇಲ್ಲ. ಒಳಗ ಮಂದಿ ತುಂಬ್ಯಾರ," ಎಂದು ಇಟ್ಟುಬಿಟ್ಟ.

ಕತ್ತಲು ಕವಿಯುವ ಹೊತ್ತಿಗೆ ತಬಸ್ಸುಮ್ಮಳ ಮಾಡಿನ ಬಲ್ಬು ಒಮ್ಮೆ ಮಿಣುಕಿ ಝಗ್ಗೆಂದು ಹೊತ್ತಿತು. ಓಣಿಯ ಮಕ್ಕಳು ಹೋ ಎಂದವು. ಹೆಂಗಸರು ಹಿಟ್ಟು ನಾದಿದ ಪರಾತಗಳನ್ನು ಎತ್ತಿಕೊಂಡರು.

ಮಾಣಿಕಮ್ಮನ ಕೈ ಹಂಚಿನ ಮೇಲೆ ನಿಂತಿತು. ಬಲ್ಬನ್ನು ನೋಡಿದಳು, ಒಲೆಯನ್ನು ನೋಡಿದಳು. ಉರಿಯುವ ಕಟ್ಟಿಗೆಯನ್ನು ಮೆಲ್ಲಗೆ ಹೊರಗೆಳೆದು, ನೀರಿನ ತಂಬಿಗೆಗೆ ಕೈ ಹಾಕಿದಳು. ಕರೆಂಟು ಬಂದ ಮೇಲೆ ಅವಳಿಗೇನು ಕೆಲಸ?

ಅಷ್ಟರಲ್ಲಿ ಓಣಿ ಸುತ್ತಿ ದ್ರೌಪದಿ ಓಡಿ ಬಂದಳು. ಅವಳ ಕೋಣೆಯಲ್ಲೂ ಬಲ್ಬು ಉರಿಯುತ್ತಿತ್ತು, ಡಬ್ಬಿ ತನ್ನ ಕೆಲಸ ಶುರು ಮಾಡಿತ್ತು. ಅವಳು ಅತ್ತೆಯ ಕೈಯಿಂದ ತಂಬಿಗೆ ಕಸಿದುಕೊಂಡು ದೂರ ಇಟ್ಟಳು. ಹೊರಗೆಳೆದ ಕಟ್ಟಿಗೆಯನ್ನು ಮತ್ತೆ ಒಲೆಗೆ ತಳ್ಳಿದಳು.

"ಯಾಕ ನಿಲ್ಲಿಸಿದ್ರಿ ಅತ್ತಿ?"

"ಕರೆಂಟ್ ಬಂತಲ್ಲವ್ವಾ."

"ಬರ್ಲಿ. ಕರೆಂಟಿನ ಮ್ಯಾಲ ನಂಗ ಭರವಸಾ ಇಲ್ಲ. ಮರಿ ಆ ಗೋಡಿ ಬಿಟ್ಟು ಏಳವಲ್ಲವು. ನಾಳಿ ಮುಂಜಾನಿನೂ ಒಲಿ ಬೇಕು, ನಾಡದ್ದೂ ಬೇಕು. ಈ ಥಂಡಿ ಮುಗಿಯೋ ತನಕ ಮೊದಲ್ನೇ ಕೋಣಿ ನಿಮ್ಮ ಕೈಯಾಗ."

ಮಾಣಿಕಮ್ಮ ಕರಿ ಕನ್ನಡಕ ಮೇಲೆತ್ತಿ ಕಣ್ಣೊರೆಸಿಕೊಂಡಳು. ಹೊಗೆ ಎಂದಳು. ಆಮೇಲೆ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎಂದಿನ ಜೋರು ದನಿ ತೆಗೆದಳು.

"ಹಂಗಾದ್ರ ಬಾಯಿ ತಕ್ಕೊಂಡು ಯಾಕ ನಿಂತೀದಿ? ಹಿಟ್ಟ ನಾದು. ಗಟ್ಟಿ ನಾದಬ್ಯಾಡ, ನಿನ್ನ ಗ್ಯಾಸಿನ ರೊಟ್ಟಿ ಕಲ್ಲ ಆಗೋದು ಅದಕ್ಕೇ."

ದ್ರೌಪದಿ ಅತ್ತೆಯ ಪಕ್ಕ, ಒಲೆಯ ಬೆಳಕಿನಲ್ಲಿ ಕುಳಿತು ತೋಳೇರಿಸಿದಳು.